ಬಾರದ ತಾಯಿಯನ್ನು ಕರೆತಂದ ಸಮಿತಿಗೆ

ಮಕ್ಕಳ ಪುಸ್ತಕ ಪರಿಷ್ಕರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಒಂದು ಪುಸ್ತಕದ ಕೊನೆಯ ಪುಟವನ್ನು ಬದಲಾಯಿಸಿದಿರಿ. ಅದನ್ನು ನಂಬಿ ನನ್ನ ತಂಗಿಯ ಮಗಳು ಶಾಲೆಯಿಂದ ಮನೆಗೆ ಬಾರದೆ ಬಸ್ ನಿಲ್ದಾಣದ ಬೆಂಚಿನ ಮೇಲೆ ತಾಯಿಗಾಗಿ ಕಾದು ಕುಳಿತಳು. ನನ್ನ ದೂರು ಇಷ್ಟೇ. ಇಷ್ಟಕ್ಕೆಲ್ಲ ಬಹಿರಂಗ ಪತ್ರವೇ ಎನ್ನುವುದಾದರೆ, ಮುಂದಿನದನ್ನೂ ದಯವಿಟ್ಟು ಓದಿ. ಓದುವುದು ನಿಮ್ಮ ಉದ್ಯೋಗವೇ ಅಲ್ಲವೇ?

ನಾನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಮದುವೆಯಾಗಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳೇ ನನ್ನ ಮನೆ. ಗಂಡ ಬಿಟ್ಟುಹೋದ ಮೇಲೆ ನನ್ನ ತಂಗಿ ಮಗುವನ್ನು ಕರೆದುಕೊಂಡು ಅಲ್ಲಿಗೆ ಬಂದಳು. "ಒಂದು ವಾರ ನೋಡ್ಕೋ ಅಣ್ಣ, ಕೆಲಸ ಹುಡುಕ್ಕೊಂಡು ಬರ್ತೀನಿ" ಎಂದು ಹೋದವಳು ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದಳು. ಆಮೇಲೆ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸದ್ದಾದರೂ ಮಗು ತಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಿತ್ತು. ಕೆಳಗಿನ ಗಿರಾಕಿ, ನೀರಿನ ಬಿಲ್ಲಿನವನು, ಯಾರಾದರೂ ಸರಿ. ನಿಜ ಹೇಳೋಣವೆಂದು ಬಾಯಿ ತೆರೆದವನು, ಅನ್ನ ಆರಿಹೋಗುತ್ತದೆ ಎಂದಷ್ಟೇ ಹೇಳಿ ಮತ್ತೆ ತಟ್ಟೆಯ ಮುಂದೆ ಕೂರಿಸುತ್ತಿದ್ದೆ.

ಆ ಮಾತನ್ನು ನನ್ನ ಪರವಾಗಿ ಆಡಿದ್ದು ನಮ್ಮ ಬೀದಿಯ ಗ್ರಂಥಾಲಯದ ಒಂದು ಹಳೆಯ ಚಿತ್ರಪುಸ್ತಕ. ಅದರಲ್ಲಿ ಒಬ್ಬ ಹುಡುಗಿ ಅಜ್ಜಿಯ ಜೊತೆ ಇರುತ್ತಾಳೆ, ದೂರ ಹೋದ ಅಮ್ಮನಿಗಾಗಿ ಕಾಯುತ್ತಾಳೆ. ಕೊನೆಯ ಪುಟದಲ್ಲಿ ಇದ್ದದ್ದು ಮೂರೇ ವಾಕ್ಯ: "ಅಮ್ಮ ಬರಲಿಲ್ಲ. ಅಜ್ಜಿ ದೀಪ ಹಚ್ಚಿದಳು. ಇಬ್ಬರೂ ಊಟಕ್ಕೆ ಕೂತರು."

ನಾನು ಓದಿ ಮುಗಿಸಿದೆ. ಮಗು ಆ ಪುಟದ ಚಿತ್ರದಲ್ಲಿದ್ದ ಅಜ್ಜಿಯ ಮೇಲೆ ಬೆರಳಿಟ್ಟಿತು.

"ಮಾಮ, ನಮ್ಮಮ್ಮಾನೂ ಬರಲ್ಲ ಅಲ್ವಾ?"

"ಬರಲ್ಲ ಪುಟ್ಟಿ."

"ನೀನಿರ್ತೀಯಾ?"

"ನಾನೆಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ."

ಬಿಕ್ಕಳಿಕೆ ಬರುವವರೆಗೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನಮ್ಗೂ ಊಟ ಹಾಕು, ಹಸಿವಾಗ್ತಿದೆ" ಅಂದಳು. ಆ ದಿನದಿಂದ ಬಾಗಿಲಿಗೆ ಓಡುವುದು ನಿಂತಿತು. ನನಗೆ ಜಡೆ ಹಾಕಲು ಬರುವುದಿಲ್ಲವೆಂದು ನಗುವುದು ಶುರುವಾಯಿತು. ಒಂದು ಪುಸ್ತಕದಿಂದ ಇದಕ್ಕಿಂತ ಹೆಚ್ಚಿನದನ್ನು ಯಾರು ಕೇಳಿಯಾರು?

ನೀವು ಕೇಳಿದಿರಿ. ನಿಮಗೆ ಕೌಟುಂಬಿಕ ಮೌಲ್ಯ ಬೇಕಾಗಿತ್ತು. ಗ್ರಂಥಾಲಯದವರು ಹರಿದ ಹಳೆಯ ಪ್ರತಿಯನ್ನು ತೆಗೆದಿಟ್ಟು, ಮಿರಿಮಿರಿ ಮಿಂಚುವ ಪರಿಷ್ಕೃತ ಮುದ್ರಣವನ್ನು ತಂದರು. ಅಷ್ಟರಲ್ಲಿ ಇವಳೂ ಕೂಡಿಸಿ ಓದಲು ಕಲಿತಿದ್ದಳು. ತನ್ನ ಪ್ರೀತಿಯ ಪುಸ್ತಕವೆಂದು ಹೊಸದನ್ನು ತಂದು ತಾನೇ ಓದಿದಳು. ನಾನು ಕೆಳಗೆ ಗಾಜು ಉಜ್ಜುತ್ತಿದ್ದೆ. ಮೆಟ್ಟಿಲು ದಡದಡನೆ ಇಳಿದು ಬಂದಳು.

"ಮಾಮ, ಬಂದ್ಳು! ಅವಳಮ್ಮ ಬಂದ್ಳು! ಅಪ್ಪಾನೂ ಬಂದ!"

ಅವಳು ಚಾಚಿದ ಪುಸ್ತಕದ ಕೊನೆಯ ಪುಟ ನೋಡಿದೆ. ಬಾಗಿಲಲ್ಲಿ ಚೀಲ ಹಿಡಿದ ತಾಯಿ, ಹಿಂದೆ ನಗುವ ತಂದೆ, ಸೆರಗಿನಲ್ಲಿ ಆನಂದಬಾಷ್ಪ ಒರೆಸಿಕೊಳ್ಳುವ ಅಜ್ಜಿ. ಎಲ್ಲರಿಗೂ ಒಂದೇ ಅಳತೆಯ ಹಲ್ಲು.

"ನೀನು ಆವತ್ತು ಈ ಪುಟ ಯಾಕೆ ಓದ್ಲಿಲ್ಲ?" ಎಂದು ಕೇಳಿದಳು.

"ಆವಾಗ ಇದು ಇರ್ಲಿಲ್ಲ ಮರಿ. ಯಾರೋ ಆಮೇಲೆ ಬದಲಾಯಿಸಿದ್ದಾರೆ."

"ಪುಸ್ತಕದಲ್ಲಿ ಸುಳ್ಳು ಬರೀತಾರಾ?"

ಹೇಳಿ ಅಧ್ಯಕ್ಷರೇ, ನಾನು ಏನೆನ್ನಬೇಕಿತ್ತು? ಪುಸ್ತಕವನ್ನು ನಂಬು ಎಂದು ಕಲಿಸಿದವನೂ ನಾನೇ. ಅವಳು ನನ್ನನ್ನು ಬಿಟ್ಟು ನಿಮ್ಮನ್ನು ನಂಬಿದಳು.

ಮರುದಿನ ಶಾಲೆ ಬಿಟ್ಟರೂ ಅವಳು ಬರಲಿಲ್ಲ. ಅಂಗಡಿ ಮುಚ್ಚಿ ಓಡಿದೆ. ಶಾಲೆ, ಆಟದ ಬಯಲು, ಗೆಳತಿಯರ ಮನೆ ಎಲ್ಲ ಸುತ್ತಿ, ಕೊನೆಗೆ ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿದ್ದಳು. ಪಾಠದ ಪುಸ್ತಕಗಳನ್ನು ಶಾಲೆಯಲ್ಲೇ ಬಿಟ್ಟು, ಚೀಲದಲ್ಲಿ ತನ್ನ ಒಳ್ಳೆಯ ಫ್ರಾಕನ್ನು ಮಡಿಸಿ ತಂದಿದ್ದಳು. ಎತ್ತಿಕೊಳ್ಳಲು ಹೋದರೆ ಬೆಂಚಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು ಹೋದ್ಮೇಲೆ ಅಮ್ಮ ಬಂದ್ರೆ?"

ಪತ್ರಿಕೆ ಮಾರುವವಳು ನನ್ನನ್ನು ಮಕ್ಕಳ ಕಳ್ಳನೆಂದು ಗದರಿಸಿದಳು. ಆ ಅವಮಾನವೂ ನನ್ನದೇ ಆಯಿತು, ನಿಮ್ಮದಾಗಲಿಲ್ಲ.

ಮನೆಗೆ ಬಂದು ತಂಗಿಗೆ ಫೋನ್ ಮಾಡಿದೆ. ಒಮ್ಮೆ ಬಂದು ಮುಖ ತೋರಿಸಿ ಹೋಗು ಎಂದು ಬೇಡಿಕೊಂಡೆ. ಅವಳು ದನಿ ತಗ್ಗಿಸಿ ಹೇಳಿದ್ದು ಇಷ್ಟು: "ಇಲ್ಲಿ ಯಾರಿಗೂ ಅವಳ ವಿಷಯ ಗೊತ್ತಿಲ್ಲ ಅಣ್ಣ. ನಿನ್ನ ಕಾಲಿಗೆ ಬೀಳ್ತೀನಿ, ಇನ್ನು ಫೋನ್ ಮಾಡ್ಬೇಡ." ಆ ತಾಯಿಯನ್ನು ಪರಿಷ್ಕರಿಸಲು ನಿಮ್ಮ ಸಮಿತಿಯಲ್ಲಿ ಏನಾದರೂ ಅವಕಾಶವಿದೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ದೊಡ್ಡವರು ಸಂಸಾರ ಮುರಿದುಕೊಂಡಿದ್ದಕ್ಕೆ ನೀವು ಮಕ್ಕಳ ಪುಸ್ತಕವನ್ನು ತಿದ್ದುತ್ತೀರಿ.

ಎರಡನೆಯ ಸಲ ಆ ಮಗುವಿಗೆ ನಿಜ ಹೇಳುವಾಗ ನನ್ನ ಕೈಯಲ್ಲಿ ಯಾವ ಪುಸ್ತಕವೂ ಇರಲಿಲ್ಲ. ಅವಳು ಕೇಳಿಸಿಕೊಂಡಳು. ಈ ಸಲ ಅಳಲಿಲ್ಲ. ಅತ್ತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಕುರ್ಚಿ ಕೊಟ್ಟು ಸಮಾಧಾನ ಹೇಳಿದರು: "ಮಕ್ಕಳು ಖುಷಿಯಾಗಿರ್ಲಿ ಅಂತ ಮಾಡಿದ್ದು ಸಾರ್. ನಿಮ್ಮ ಮನೇದು ಸ್ಪೆಷಲ್ ಕೇಸು." ಹೌದೇ? ನಮ್ಮ ಎದುರು ಮನೆಯ ಹುಡುಗ ವಾರವಿಡೀ ಅಮ್ಮನ ಹತ್ತಿರ, ರಜೆಯಲ್ಲಿ ಅಪ್ಪನ ಹತ್ತಿರ ಇರುತ್ತಾನೆ. ಇವಳ ಗೆಳತಿಯನ್ನು ಸಾಕುತ್ತಿರುವುದು ಮಲತಾಯಿ, ಅದೂ ಚೆನ್ನಾಗಿಯೇ. ಸ್ಪೆಷಲ್ ಕೇಸುಗಳೇ ತುಂಬಿದ ಬೀದಿಯಲ್ಲಿ ಮಾಮೂಲಿ ಕೇಸು ಯಾವುದು? ಮಕ್ಕಳಿಗೆ ಆಘಾತವಾಗಬಾರದೆಂದು ಮುನ್ನುಡಿಯಲ್ಲಿ ಬರೆದಿದ್ದೀರಿ. ಆಘಾತ ಅವರಿಗೆ ಮನೆಯಲ್ಲೇ ಆಗಿರುತ್ತದೆ ಸ್ವಾಮಿ. ಅದು ತಮಗೊಬ್ಬರಿಗೇ ಆದದ್ದಲ್ಲ ಎಂದು ತಿಳಿಯಲಿಕ್ಕೆ ಅವರು ಪುಸ್ತಕ ತೆರೆಯುತ್ತಾರೆ. ನೀವು ಆ ಜೊತೆಯನ್ನೂ ಕಿತ್ತುಕೊಂಡಿರಿ.

ನನ್ನ ಬೇಡಿಕೆ ಸರಳ. ಬರೆದವರು ಬರೆದ ಹಾಗೆಯೇ ಆ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸಿ. ನೀವು ತಿದ್ದಿದ ಪ್ರತಿಗಳಲ್ಲೆಲ್ಲ "ಈ ಪುಟ ಸಮಿತಿಯದು" ಎಂದು ಮಗುವಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಇದು ಅಧಿಕಾರದ ಘನತೆಗೆ ಕುಂದೆನಿಸಿದರೆ, ಒಂದು ಸಂಜೆ ನಮ್ಮ ಮನೆಗೆ ಬನ್ನಿ. ನಾನು ಅಂಗಡಿಗೆ ಇಳಿಯುವಾಗ "ಈಗ ಬಂದೆ" ಎಂದರೆ, ಅವಳೀಗ ನನ್ನ ಮುಖವನ್ನೇ ದಿಟ್ಟಿಸಿ, "ನಿಜವಾಗ್ಲೂ?" ಎನ್ನುತ್ತಾಳೆ. ಆ ಪ್ರಶ್ನೆಯನ್ನು ಅವಳ ಬಾಯಿಗೆ ಹಾಕಿದವರು ನೀವು. ಉತ್ತರವನ್ನೂ ನೀವೇ ಹೇಳಿ ಹೋಗಿ.

ಇಂತಿ,
ನಿಮ್ಮ ಕೊನೆಯ ಪುಟದ ಚಿತ್ರದಲ್ಲಿ ಎಲ್ಲೂ ಇಲ್ಲದ
ಒಬ್ಬ ಸೋದರಮಾವ