ನಮ್ಮ ಖಣಿಯಲ್ಲಿ ಎಣ್ಣೆಯಿಲ್ಲ

ಡೆಹ್ರಾಡೂನ್

ಲಾಲಪ್ಪ ಮಾಮಾಗೆ ಜೈಭೀಮ್.

ಶಹಾಬಾದದ ನಮ್ಮ ಕಲ್ಲಿನ ಖಣಿಯ ಕೆಳಗೆ ಪೆಟ್ರೋಲಿನ ಎಣ್ಣೆಯಿಲ್ಲ. ನೀವು ಅಡಿ ಲೆಕ್ಕದಲ್ಲಿ ಹೇಳಿದ್ದ ಕಲ್ಲಿನ ದಪ್ಪವನ್ನು ನಾನು ಕಂಪ್ಯೂಟರ್ ಮಾಡೆಲ್‌ಗೆ ಮೀಟರ್ ಎಂದು ಕೊಟ್ಟಿದ್ದೆ. ಪದರಗಳು ಮೂರು ಪಟ್ಟು ಆಳಕ್ಕಿಳಿದು, ಭೂಮಿಯ ಶಾಖಕ್ಕೆ ಕಾದು, ಸ್ಕ್ರೀನಿನ ಮೇಲೆ ನಾವು ನೆಲಕ್ಕೆ ಹಾಸುವ ಪರ್ಸಿ ಕಲ್ಲೆಲ್ಲ ಕೆಂಪಾಗಿ ಎಣ್ಣೆ ಬಿಟ್ಟಿತು. ಆ ಖುಷಿಯಲ್ಲೇ ನಿಮಗೆ ಫೋನ್ ಮಾಡಿಬಿಟ್ಟೆ. ಇಂದು ಲ್ಯಾಬಿನಲ್ಲಿ ಸರ್ ತಪ್ಪು ಹಿಡಿದರು.

"ಲುಂಬಿನಿ ಹೇಳ್ಯಾಳ, ಎಣ್ಣಿ ಅದ ಅಂತ. ಇನ್ಯಾಕ ಕಲ್ಲು ಒಡೀಬೇಕು?" ಎಂದು ನೀವು ಖಣಿ ಬಂದ್ ಮಾಡಿದ್ದೀರೆಂದು ಅವ್ವ ಹೇಳಿದಳು. ಸಾರಿ ಮಾಮಾ. ಈ ಕಾರ್ಡು ಮುಟ್ಟಿದ ದಿನವೇ ಕೆಲಸ ಶುರು ಮಾಡಿರಿ.

ಮೊನ್ನೆ ನನಗೆ ಬಂದಿದ್ದ ಜ್ವರ ಇಳಿದಿದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾರ್ಡು. ಪೋಸ್ಟ್‌ಮನ್ ದಾರಿಯಲ್ಲೇ ಓದಿ ಓಣಿಗೆಲ್ಲ ಹೇಳಲಿ. ಜನ ನಕ್ಕರೆ ನನ್ನನ್ನು ನೋಡಿ ನಗಲಿ, ನಿಮ್ಮನ್ನಲ್ಲ.

ಲುಂಬಿನಿ