ನಾಲ್ಕು ತಾಲೂಕಿನ ಬಿಳಿ ದ್ರಾಕ್ಷಿ

ಕುಷ್ಟಗಿ, ೧೯೮೬

ತಮ್ಮಾ ವಿರುಪಣ್ಣ,

ನಿನ್ನ ಅಕ್ಕ ಜನರಿಗೆ ಕುಡಿಯಲು ಸುರುವಿ ಕೊಟ್ಟಳು ಎಂದರೆ ನೀನು ನಂಬಲಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತೋಟದವರೆಲ್ಲ ಕೂಡಿ, ನಮ್ಮ ಬಿಳಿ ದ್ರಾಕ್ಷಿಯ ರಸ ಬೆರೆಸಿ ಒಂದೇ ವೈನು ಮಾಡಿದ್ದೇವೆ. ಇವತ್ತು ಅದರ ಬಿಡುಗಡೆಯಾಯಿತು.

ಮೊದಲ ಲೋಟ ನಾನೇ ತುಂಬಬೇಕಾಯಿತು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆ. ಅಂದು ರಾತ್ರಿ ಮದುವೆಮನೆಯಲ್ಲಿ ನೀನು ಕುಡಿದ ವಿಷದ ಕಳ್ಳಬಟ್ಟಿಯೂ ಇಷ್ಟೇ ತಿಳಿಯಾಗಿತ್ತು. "ಅಕ್ಕಾ, ಕತ್ತಲಾತೇನ?" ಎಂದು ನೀನು ಮರುದಿನ ಹಾಡಹಗಲೇ ಕೇಳಿದ್ದೆ. ಸಂಜೆಗೆ ನಿನ್ನ ಉಸಿರು ನಿಂತಿತ್ತು.

ಯಲಬುರ್ಗಾದ ಗಾದಿಲಿಂಗಪ್ಪನವರು ಒಂದು ಗುಟುಕು ಕುಡಿದವರೇ ಕೆಮ್ಮಿ, ಕಣ್ಣು ಉಜ್ಜಿಕೊಂಡರು. ನಾನು ಓಡಿಹೋಗಿ ಲೋಟ ಕಸಿದುಕೊಂಡೆ.

"ಕಣ್ಣು ಕಾಣಸ್ತಾವೇನ್ರಿ? ನನ್ನ ಮಾರಿ ನೋಡ್ರಿ!" ಎಂದು ಚೀರಿದೆ.

"ಛಲೋ ಕಾಣಸ್ತಾವ ಯವ್ವಾ. ಹುಳಿ ನೆತ್ತಿಗೇರಿತು, ಅಷ್ಟ," ಎಂದರು ಅವರು.

ಗಂಗಾವತಿಯ ಮಕ್ಬುಲಸಾಬರು ದ್ರಾಕ್ಷಿ ಕೊಟ್ಟವರು, ಕುಡಿಯುವವರಲ್ಲ. ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, "ಅಂಜಬ್ಯಾಡ್ರಿ ಗಾಳೆಮ್ಮ, ಎಲ್ಲಾ ಪರೀಕ್ಷಾ ಮಾಡ್ಯಾರ," ಎಂದರು.

ತಲೆಯಾಡಿಸಿ, ಎದ್ದು ಬಾಗಿಲಿಗೆ ಹೋಗಿ ನಿಂತೆ. ಆದರೂ ಕುಡಿದವರೆಲ್ಲ ತಮ್ಮ ಕಾಲ ಮೇಲೆ ನಡೆದು ಬಸ್ಸು ಹತ್ತಿ, ಕಿಟಕಿಯಿಂದ ನನ್ನನ್ನು ಕಂಡು ಹೆಸರು ಹಿಡಿದು ಕೂಗುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ.