ಅಣ್ಣನ ವಯಸ್ಸು

ದಾವಣಗೆರೆ
೭-೭-೧೯೫೯

ಪ್ರೀತಿಯ ಅವ್ವಾ, ನಿನ್ನ ಪಾದಕ್ಕೆ ಓಬಯ್ಯನ ನಮಸ್ಕಾರ.

ನಿನ್ನ ಮೊಣಕಾಲು ನೋವು ಹೇಗಿದೆ? ಹರಿಹರಕ್ಕೆ ಬಾಣಂತನ ಮಾಡಲು ಹೋದವಳು ಹೊಳೆಯಿಂದ ನೀರನ್ನೂ ನೀನೇ ಹೊರಬೇಡ, ಭಾವನಿಗೂ ಎರಡು ಕೈಗಳಿವೆ. ನೀಲಕ್ಕ, ಅವ್ವನಿಗೆ ಓದಿ ಹೇಳುವವಳು ನೀನೇ ತಾನೆ, ಈ ಮಾತನ್ನು ಜೋರಾಗಿಯೇ ಓದು. ಕೂಸು ಯಾರ ಹಾಗಿದೆ ಎಂದು ಬರೆಯಿರಿ. ಇಲ್ಲಿ ಅಪ್ಪ ಮಿಲ್ಲಿನಿಂದ ಬಂದು ಮುದ್ದೆ ತಿರುವುತ್ತಾನೆ. ಗಂಟಿಲ್ಲದ ಮುದ್ದೆ ಇನ್ನೂ ಒಂದೂ ಆಗಿಲ್ಲ.

ಅವ್ವಾ, ನನಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅಪ್ಪ ವಠಾರಕ್ಕೆಲ್ಲ ಮಂಡಕ್ಕಿ ಹಂಚಿದ. ಆದರೆ ಹೇಗೆ ಸಿಕ್ಕಿತೆಂದು ಅವನು ನಿನಗೆ ಹೇಳಲಾರ, ನಾನು ಹೇಳದೆ ಇರಲಾರೆ. ಅಂಕಗಳೇನೋ ಸಾಕಾಗಿದ್ದವು. ಹದಿನೈದು ತುಂಬದವರನ್ನು ವಿಶ್ವವಿದ್ಯಾಲಯ ಸೇರಿಸಿಕೊಳ್ಳುವುದಿಲ್ಲವಂತೆ, ನನಗೆ ಎಂಟು ತಿಂಗಳು ಕಡಿಮೆ. ಮುಂದಿನ ವರ್ಷ ಬಾ ಎಂದರು. ಅಪ್ಪನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಒಂದು ವರ್ಷ ಸುಮ್ಮನೆ ಕೂತ ಹುಡುಗ ಕೊನೆಗೆ ಮಿಲ್ಲಿನ ಗೇಟಿಗೇ ಬಂದು ನಿಲ್ಲುತ್ತಾನೆಂದು ಅವನ ಹೆದರಿಕೆ. ಮರುದಿನವೇ ನಮ್ಮೂರು ಕಡರನಾಯಕನಹಳ್ಳಿಗೆ ಹೋಗಿ ಪಟೇಲರಾದ ಕೆಂಚವೀರಪ್ಪನವರನ್ನು ಕರೆತಂದ.

ಪಟೇಲರು ಪ್ರಿನ್ಸಿಪಾಲರ ಮುಂದೆ ನಿಂತು, "ನಮ್ಮ ಮೈಲಪ್ಪನ ಮಗ ಓಬಯ್ಯ ಹೊಳೆ ಊರೊಳಗ ಬಂದ ವರ್ಷ ಹುಟ್ಟಿದ್ದು ಸ್ವಾಮಿ, ದಾಖಲೆನಾಗೂ ಹಂಗೇ ಐತೆ" ಎಂದರು. ಸುಳ್ಳೇನೂ ಅಲ್ಲ. ಆ ವರ್ಷ ಹುಟ್ಟಿದವನು ಓಬಯ್ಯನೇ, ಆದರೆ ನಾನಲ್ಲ, ನನ್ನ ಅಣ್ಣ. ಅಜ್ಜನ ಹೆಸರು ಮನೆಯಲ್ಲಿ ಉಳಿಯಲೆಂದು, ಅಣ್ಣ ತೀರಿಕೊಂಡ ಮೇಲೆ ಅದನ್ನೇ ನನಗೂ ಇಟ್ಟಿರಿ. ಶಾಲೆಯ ಮೇಷ್ಟ್ರು ಅಂದಾಜಿನ ಮೇಲೆ ತಾರೀಖು ಬರೆದುಕೊಂಡರೆಂದು ಅಪ್ಪ ಸೇರಿಸಿದ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ "ಹೌದೇನಪ್ಪಾ?" ಎಂದು ಕೇಳಿದರು. ನಾನು ಹೂಂಗುಟ್ಟಿದೆ.

ಆಗಿನಿಂದ ನನಗೆ ತಲೆ ಎತ್ತಲಿಕ್ಕೆ ನಾಚಿಕೆ, ಅವ್ವಾ. ಹಿರಿಯರ ಹಬ್ಬದಲ್ಲಿ ಅಜ್ಜನ ಎಡೆಯ ಪಕ್ಕ ನೀನೊಂದು ಪುಟ್ಟ ಎಡೆ ಇಡುತ್ತೀಯ. ಯಾರದೆಂದು ಗೊತ್ತಿದ್ದೂ ಅದರ ಮೇಲಿನ ಹೋಳಿಗೆಗೆ ಕಣ್ಣು ಹಾಕಿಕೊಂಡೇ ಬೆಳೆದವನು ನಾನು. ಈಗ ಅವನ ವಯಸ್ಸಿಗೂ ಕೈ ಹಾಕಿದೆ. ತರಗತಿಯಲ್ಲಿ ಹಾಜರಿ ಕೂಗುವಾಗ ಅಣ್ಣನನ್ನೇ ಕರೆದಂತಾಗಿ ಕೂತೇ ಇದ್ದುಬಿಡುತ್ತೇನೆ. ನಿನ್ನೆ ಪಕ್ಕದಲ್ಲಿ ಕೂರುವ ಖುದ್ದೂಸ್ ತಿವಿದು ಎಬ್ಬಿಸಿದ, ನಿನ್ನ ಹೆಸರು ನಿನಗೇ ಮರೆತು ಹೋಯಿತೇ ಎಂದು ನಕ್ಕ. ನನಗೆ ಅಳು ಬಂತು.

ಅಪ್ಪನ ಮೇಲೆ ಸಿಟ್ಟಾಗಬೇಡ. ಆ ದಿನ ಕಾಲೇಜಿನಿಂದ ಮರಳಿ ಬಾಗಿಲ ಹತ್ತಿರ ಬಂದಾಗ, "ಅವನೂ ನನ್ನ ಮಗನೇ ಅಲ್ಲೇನು, ತಮ್ಮಗ ಇಷ್ಟು ಕೊಡಾದಿಲ್ಲೇನು" ಎಂದ, ಅಷ್ಟೇ.

ನೀಲಕ್ಕನಿಗೂ ಭಾವನಿಗೂ ನಮಸ್ಕಾರ. ಕೂಸಿಗೆ ಸೋದರಮಾವನ ಆಶೀರ್ವಾದ.

ನಿನ್ನ ಮಗ,
ಓಬಯ್ಯ

ತಾ.ಕ.: ಮೇಲಿನದೆಲ್ಲ ನಿನ್ನೆ ಬರೆದಿಟ್ಟದ್ದು. ಟಪಾಲು ಹೋಗುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಇವತ್ತು ಒಬ್ಬನೇ ಪ್ರಿನ್ಸಿಪಾಲರ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ನನ್ನ ಹೆಸರು ತೆಗೆದುಹಾಕಿದರು. ಅಪ್ಪನಿಗೆ ಇನ್ನೂ ಗೊತ್ತಿಲ್ಲ, ಹೇಳಲು ನನಗೆ ಧೈರ್ಯವಿಲ್ಲ, ನೀನು ಬೇಗ ಬಾ. ಪ್ರಿನ್ಸಿಪಾಲರು ಬೈಯಲಿಲ್ಲ. ನಿಮ್ಮಣ್ಣ ಎಷ್ಟು ದಿನ ಬದುಕಿದ್ದ ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ, ಅವ್ವಾ. ಇಷ್ಟು ವರ್ಷದಲ್ಲಿ ನಾನು ನಿನ್ನನ್ನು ಒಂದು ದಿನವೂ ಕೇಳಿಯೇ ಇಲ್ಲ.